ಬೈಕಿಗೂ ಒಂದು ಡೈರಿ ಇಡ್ರಿ: ಮನೆಯಲ್ಲೇ ಸರ್ವೀಸ್ ಲೆಕ್ಕ ಬರೆಯುವ ಸುಲಭ ದಾರಿ

ಸಾವಯವ ಬೇಸಾಯ ಮಾಡುವವರಿಗೆ ಡೈರಿ ಹೊಸದಲ್ಲ. ಪಿಜಿಎಸ್ ಗುಂಪಿನಲ್ಲಿ ಇರಬೇಕು ಅಂದರೆ ಯಾವ ತಾಕಿಗೆ ಯಾವತ್ತು ಜೀವಾಮೃತ ಕೊಟ್ಟೆವು, ಬೇವಿನ ಹಿಂಡಿ ಎಲ್ಲಿಂದ ತಂದೆವು, ಬಾಳೆಗೊನೆ ಯಾವಾಗ ಕಡಿದೆವು ಅಂತ ಬರೆದಿಡಲೇಬೇಕು. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಆ ಪುಸ್ತಕ. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತಿರುವ ಬೈಕಿಗೆ ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ ಅಂತ ಕೇಳಿ ನೋಡ್ರಿ. "ದೀಪಾವಳಿ ಆಜುಬಾಜು ಇರಬೇಕು" ಅನ್ನುವ ಉತ್ತರ ಬರುತ್ತದೆ.

ನಮ್ಮ ಆನೆಗೊಂದಿ ಕಡೆ ಟ್ರ್ಯಾಕ್ಟರ್ ವರ್ಷದಲ್ಲಿ ಕೆಲವೇ ತಿಂಗಳು ದುಡಿಯುತ್ತದೆ. ಬೈಕ್ ಮಾತ್ರ 365 ದಿನವೂ ದುಡಿಯುತ್ತದೆ. ನಸುಕಿನಲ್ಲಿ ಹಾಲು, ಆಮೇಲೆ ಬಾಳೆಗೊನೆ, ಮಧ್ಯಾಹ್ನ ಕೂಲಿಯವರ ಬುತ್ತಿ, ಸಂಜೆ ಗಂಗಾವತಿಯಿಂದ ಹಿಂಡಿ ಚೀಲ, ರಾತ್ರಿ ಕರೆಂಟ್ ಬಂದಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಒಂದು ಸುತ್ತು. ಮನೆಯಲ್ಲಿ ಯಾರಿಗೋ ಎದೆನೋವು ಅಂದರೆ ಗಂಗಾವತಿ ಆಸ್ಪತ್ರೆಗೆ ಮೊದಲು ಹೊರಡುವುದೂ ಅದೇ ಬೈಕ್. ಇಷ್ಟು ಕೆಲಸದ ಯಂತ್ರಕ್ಕೆ ಒಂದು ಹಾಳೆಯ ಲೆಕ್ಕವೂ ಇಲ್ಲ ಅಂದರೆ ಅದು ಯಾವಾಗ ಕೈಕೊಡುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಈ ವಾರದ ವಿಷಯ ಅದೇ. ಮನೆಯಲ್ಲೇ ಬೈಕಿನ ಸರ್ವೀಸ್ ವೇಳಾಪಟ್ಟಿ ಹೇಗೆ ಮಾಡಿಕೊಳ್ಳಬೇಕು, ಲೆಕ್ಕ ಹೇಗೆ ಬರೆದಿಡಬೇಕು, ಅದರಿಂದ ಲಾಭ ಏನು ಅನ್ನುವುದನ್ನು ನೋಡೋಣ.

ಕಂಪನಿ ಪುಸ್ತಕ ಒಂದು, ನಮ್ಮ ದಾರಿ ಇನ್ನೊಂದು

ಗಾಡಿ ತಂದಾಗ ಸೀಟಿನ ಕೆಳಗೆ ಒಂದು ಓನರ್ ಮ್ಯಾನ್ಯುಯಲ್ ಇರುತ್ತದೆ. ಬಹಳ ಜನ ಅದನ್ನು ಬಿಚ್ಚುವುದೇ ಇಲ್ಲ. ಅದರ ಕೊನೆಯ ಪುಟಗಳಲ್ಲಿ ಎಷ್ಟು ಕಿ.ಮೀ.ಗೆ ಏನು ನೋಡಬೇಕು, ಏನು ಬದಲಿಸಬೇಕು ಅನ್ನುವ ಪಟ್ಟಿ ಇದೆ. ಆ ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾದರಿಯ ಪಿಡಿಎಫ್ ಹುಡುಕಿ ಇಳಿಸಿಕೊಳ್ಳಿ.

ಆ ಪಟ್ಟಿಯನ್ನು ಸಾಧಾರಣ ರಸ್ತೆ, ಸಾಧಾರಣ ಭಾರಕ್ಕೆ ಹೊಂದಿಸಿರುತ್ತಾರೆ. ಧೂಳಿನ ಜಾಗದಲ್ಲಿ ಓಡಿಸುವವರು ಏರ್ ಫಿಲ್ಟರನ್ನು ಇನ್ನೂ ಬೇಗ ನೋಡಬೇಕು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ದಾರಿ ಹೇಗಿದೆ? ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ನಾಟಿ ಗದ್ದೆಯ ಕೆಸರು, ಬಂಡೆಗಳ ನಡುವೆ ಏರಿಳಿತ, ಕಾಲುವೆ ಏರಿಯ ಮೇಲೆ ಕುಂಟೆ. ಸಾಲದ್ದಕ್ಕೆ ಹಿಂದೆ ಎರಡು ಚೀಲ.

ಹಾಗಾಗಿ ನಾನು ಅನುಸರಿಸುವ ನಿಯಮ ಇಷ್ಟೇ: ಪುಸ್ತಕದ ಅಂಕಿಯನ್ನು ಕಡಿಮೆ ಮಾಡಬಹುದು, ಎಂದೂ ಜಾಸ್ತಿ ಮಾಡಬಾರದು. ಎಂಜಿನ್ ಆಯಿಲ್‌ಗೆ ಪುಸ್ತಕ 6,000 ಕಿ.ಮೀ. ಅಂದರೆ ನಾನು 3,000ಕ್ಕೆ ಬದಲಿಸುತ್ತೇನೆ. ಏರ್ ಫಿಲ್ಟರನ್ನು ಒಕ್ಕಣೆ ಕಾಲದಲ್ಲಿ ಪ್ರತಿ ತಿಂಗಳು ತೆಗೆದು ನೋಡುತ್ತೇನೆ. ಒಂದು ಮಾತು ನೆನಪಿಡಿ. ಸ್ಪಂಜಿನ ಫಿಲ್ಟರ್ ತೊಳೆಯಬಹುದು. ಎಣ್ಣೆ ಲೇಪಿಸಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಯಬಾರದು, ತೊಳೆಯಲೂಬಾರದು. ಅದು ಕೊಳೆಯಾದರೆ ಹೊಸದು ಹಾಕಬೇಕು.

ಪುಸ್ತಕದಲ್ಲಿ ಏನೇನು ಬರೀಬೇಕು

200 ಪುಟದ ಸಾದಾ ನೋಟ್‌ಬುಕ್ ಸಾಕು. ಬೀಗದ ಕೈ ತೂಗುಹಾಕುವ ಮೊಳೆಗೇ ಅದನ್ನೂ ತೂಗುಹಾಕಿ, ದಾರದಲ್ಲಿ ಒಂದು ಪೆನ್ ಕಟ್ಟಿ. ನಮ್ಮ ಮನೆಗಳಲ್ಲಿ ಒಂದೇ ಬೈಕನ್ನು ಅಪ್ಪ, ತಮ್ಮ, ಕೆಲಸದ ಹುಡುಗ ಎಲ್ಲರೂ ಓಡಿಸುತ್ತಾರೆ. ಪುಸ್ತಕ ಒಬ್ಬರ ಕಪಾಟಿನಲ್ಲಿ ಇದ್ದರೆ ಉಳಿದವರು ಬರೆಯುವುದಿಲ್ಲ.

ಪ್ರತಿ ಸಾಲಿಗೆ ಏಳು ಕಲಂ:

1. ದಿನಾಂಕ
2. ಮೀಟರ್ ಎಷ್ಟು ತೋರಿಸಿತು
3. ಏನು ಕೆಲಸ ಆಯ್ತು
4. ಏನು ಹಾಕಿದರು: ಆಯಿಲ್ ಆದರೆ ಕಂಪನಿ, ಗ್ರೇಡ್, ಅಳತೆ, ಬಿಡಿಭಾಗ ಆದರೆ ಪಾರ್ಟ್ ನಂಬರ್
5. ಎಷ್ಟು ದುಡ್ಡು, ಕೂಲಿ ಬೇರೆ, ಸಾಮಾನು ಬೇರೆ
6. ಯಾರು ಮಾಡಿದರು
7. ಮುಂದಿನದು ಯಾವಾಗ, ಕಿ.ಮೀ. ಮತ್ತು ತಿಂಗಳು ಎರಡೂ

ಏಳನೇ ಕಲಂ ಎಲ್ಲಕ್ಕಿಂತ ಮುಖ್ಯ. ಅದು ಇಲ್ಲದಿದ್ದರೆ ಪುಸ್ತಕ ಬರೀ ಹಳೆಯ ಕಥೆ ಆಗುತ್ತದೆ. "ಮುಂದಿನ ಆಯಿಲ್ 41,300ಕ್ಕೆ, ಇಲ್ಲಾ ಮಾರ್ಚ್ ಕೊನೆಗೆ, ಯಾವುದು ಮೊದಲೋ ಅದು" ಅಂತ ಬರೆದರೆ ಅದು ವೇಳಾಪಟ್ಟಿ. ಗಾಡಿ ಓಡದೆ ನಿಂತರೂ ಆಯಿಲ್ ಹಳತಾಗುತ್ತದೆ, ಬ್ರೇಕ್ ಆಯಿಲ್ ನೀರು ಹೀರುತ್ತದೆ. ಅದಕ್ಕೇ ಕಿ.ಮೀ. ಜೊತೆ ತಿಂಗಳೂ ಬೇಕು.

ನಾಲ್ಕನೇ ಕಲಂ ಬಗ್ಗೆ ಒಂದು ಎಚ್ಚರ. ಟ್ರ್ಯಾಕ್ಟರಿಗೆ ತಂದು ಉಳಿದ ಆಯಿಲನ್ನು ಬೈಕಿಗೆ ಸುರಿಯುವ ರೂಢಿ ಹಳ್ಳಿಗಳಲ್ಲಿ ಇದೆ. ನಮ್ಮ ಬಹುತೇಕ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಎಂಜಿನ್ ಆಯಿಲಿನಲ್ಲಿ ಮುಳುಗಿರುತ್ತದೆ. ಬೇರೆ ಜಾತಿಯ ಆಯಿಲ್ ಬಿದ್ದರೆ ಕ್ಲಚ್ ಜಾರುತ್ತದೆ, ಭಾರ ಹೇರಿ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಡಬ್ಬಿಯ ಮೇಲೆ ಪುಸ್ತಕ ಹೇಳಿದ ಗ್ರೇಡ್ (ಉದಾಹರಣೆಗೆ 10ಡಬ್ಲ್ಯೂ30) ಮತ್ತು ಜಾಸೋ ಎಂಎ ಅಥವಾ ಎಂಎ2 ಅನ್ನುವ ಗುರುತು ಇದೆಯಾ ನೋಡಿ, ಅದನ್ನೇ ಬರೆದಿಡಿ.

ಫೋನ್ ಹೇಗೆ ಬಳಸೋದು

ಫೋನೇ ಇರುವಾಗ ನೋಟ್‌ಬುಕ್ ಯಾಕೆ ಅಂತ ಕೇಳಬಹುದು. ಎರಡೂ ಬೇಕು. ನೋಟ್‌ಬುಕ್ ಎಲ್ಲರ ಕೈಗೆ ಸಿಗುತ್ತದೆ, ಫೋನ್ ನೆನಪಿಸುತ್ತದೆ.

- ವರ್ಕ್‌ಶಾಪಿನ ಬಿಲ್ಲು ಬಹಳ ಕಡೆ ಥರ್ಮಲ್ ಕಾಗದ. ಕೆಲ ತಿಂಗಳಲ್ಲಿ ಅಕ್ಷರ ಅಳಿಸಿ ಬಿಳಿ ಹಾಳೆ ಆಗುತ್ತದೆ. ಅವತ್ತೇ ಫೋಟೋ ತೆಗೆಯಿರಿ.
- ಪ್ರತಿ ಬಿಲ್ಲಿನ ಜೊತೆ ಮೀಟರಿನ ಒಂದು ಫೋಟೋ. ದಿನಾಂಕ ಫೋಟೋದಲ್ಲೇ ಇರುತ್ತದೆ.
- ವಾಟ್ಸಾಪಿನಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳಬಹುದು. ಕೈಗೆ ಗ್ರೀಸ್ ಹತ್ತಿದ್ದರೆ ಕನ್ನಡದಲ್ಲೇ ಮಾತಾಡಿ ದನಿ ಕಳಿಸಿ, ರಾತ್ರಿ ಪುಸ್ತಕಕ್ಕೆ ಇಳಿಸಿ.
- ಏಳನೇ ಕಲಂ ತಿಂಗಳನ್ನು ಕ್ಯಾಲೆಂಡರ್ ಆ್ಯಪ್‌ನಲ್ಲಿ ರಿಮೈಂಡರ್ ಹಾಕಿ.
- ಗೂಗಲ್ ಶೀಟ್ ಬರುವವರು ಅದರಲ್ಲಿ ಹಾಕಿದರೆ ವರ್ಷದ ಕೂಡುವ ಲೆಕ್ಕ ತಾನೇ ಬರುತ್ತದೆ.

ಮೀಟರ್ ಕೆಟ್ಟಿದ್ದರೆ?

ನಮ್ಮ ಕಡೆ ಅರ್ಧ ಹಳೇ ಗಾಡಿಗಳ ಮೀಟರ್ ನಿಂತೇ ಇರುತ್ತದೆ. ಕೇಬಲ್ ಹರಿದಿದ್ದರೆ ಮೊದಲು ಅದನ್ನು ಹಾಕಿಸಿ, ದೊಡ್ಡ ಖರ್ಚಲ್ಲ. ಅಲ್ಲಿವರೆಗೆ ಪೆಟ್ರೋಲ್ ಲೆಕ್ಕ ಇಡಿ. ಗಾಡಿ ಲೀಟರಿಗೆ 50 ಕಿ.ಮೀ. ಕೊಡುತ್ತದೆ ಅಂದುಕೊಂಡರೆ 60 ಲೀಟರ್ ಸುಟ್ಟಾಗ 3,000 ಕಿ.ಮೀ. ಆಯ್ತು. ಪ್ರತಿ ಸಲ ಹಾಕಿಸಿದ ಲೀಟರ್ ಬರೆದು ಕೂಡುತ್ತಾ ಹೋದರೆ ಆಯಿಲ್ ಬದಲಿಸುವ ಹೊತ್ತು ಗೊತ್ತಾಗುತ್ತದೆ.

ಮೈಲೇಜ್: ಗಾಡಿಯ ನಾಡಿ

ಮೀಟರ್ ಸರಿ ಇದ್ದರೆ ತಿಂಗಳಿಗೆ ಒಮ್ಮೆಯಾದರೂ ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆಯಿರಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿ. ನಡುವೆ ಓಡಿದ ಕಿ.ಮೀ.ಯನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. 312 ಕಿ.ಮೀ. ಓಡಿ 5.6 ಲೀಟರ್ ಹಿಡಿದರೆ ಮೈಲೇಜ್ 55.7. "ನೂರು ರೂಪಾಯಿದು ಹಾಕು" ಅನ್ನುವ ಲೆಕ್ಕದಲ್ಲಿ ಇದು ಸಿಗುವುದಿಲ್ಲ.

ಒಂದು ತಿಂಗಳ ಅಂಕಿ ಏನೂ ಹೇಳುವುದಿಲ್ಲ. ನಾಲ್ಕು ತಿಂಗಳ ಅಂಕಿ ಸಾಲಾಗಿ 56, 54, 51, 47 ಅಂತ ಇಳಿದರೆ ಗಾಡಿ ಏನೋ ಹೇಳುತ್ತಿದೆ ಅಂತ ಅರ್ಥ. ಬಾಳೆ ಎಲೆ ಹಳದಿ ಆದರೆ ನಾವು ಪೊಟ್ಯಾಷ್ ಕೊರತೆಯೋ, ಬೇರಿಗೆ ನೀರು ನಿಂತಿದೆಯೋ ಅಂತ ಒಂದೊಂದೇ ನೋಡುತ್ತೇವಲ್ಲ, ಹಾಗೆ ಇಲ್ಲೂ ಅಗ್ಗದ್ದರಿಂದ ಶುರು ಮಾಡಿ: ಟೈರ್ ಗಾಳಿ, ಬ್ರೇಕ್ ಹಿಡಿದುಕೊಂಡಿದೆಯಾ, ಚೈನ್ ಬಿಗಿಯಾಗಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ, ಪ್ಲಗ್ ಹೇಗಿದೆ, ಕ್ಲಚ್ ಜಾರುತ್ತಿದೆಯಾ. ಮೈಲೇಜ್ ದಿಢೀರ್ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ನಿಧಾನಕ್ಕೆ ಇಳಿದರೆ ಬರೆದಿಟ್ಟವರಿಗೆ ಮಾತ್ರ ಗೊತ್ತಾಗುತ್ತದೆ.

ಸೋಮವಾರದ ಹತ್ತು ನಿಮಿಷ

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅವತ್ತು ಬಸವಣ್ಣನಿಗೆ ವಿಶ್ರಾಂತಿ. ಅದೇ ದಿನ ಗಾಡಿಗೂ ಹತ್ತು ನಿಮಿಷ ಕೊಡಿ:

- ಟೈರ್: ತಣ್ಣಗಿದ್ದಾಗ ಗಾಳಿ ನೋಡಿ. ಒಬ್ಬರಿಗೆ ಒಂದು ಅಳತೆ, ಹಿಂದೆ ಭಾರ ಇದ್ದರೆ ಇನ್ನೊಂದು ಅಳತೆ ಅಂತ ಸ್ಟಿಕ್ಕರಿನಲ್ಲಿ ಇರುತ್ತದೆ. ಜಾಲಿಮುಳ್ಳು ನೆಟ್ಟಿದೆಯಾ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2423 ಅಂದರೆ 2023ರ 24ನೇ ವಾರದಲ್ಲಿ ತಯಾರಾಗಿದ್ದು.
- ಬ್ರೇಕ್: ಹಿಂದಿನ ಡ್ರಮ್ ಬ್ರೇಕ್ ಪೂರ್ತಿ ಒತ್ತಿದಾಗ ಬಾಣದ ಗುರುತು ಪ್ಲೇಟಿನ ಮೇಲಿನ ಗೆರೆಗೆ ಬಂದು ಮುಟ್ಟಿದರೆ ಶೂ ಮುಗಿದಿದೆ. ನಟ್ ಬಿಗಿ ಮಾಡಿ ದಿನ ದೂಡಬೇಡಿ.
- ಚೈನ್: ಸಡಿಲ ಅಳೆಯಿರಿ. ಬಹುತೇಕ 100–125 ಸಿಸಿ ಗಾಡಿಗಳಿಗೆ 20ರಿಂದ 30 ಮಿ.ಮೀ. ಆಡಬೇಕು. ಪೂರ್ತಿ ಮುಚ್ಚಿದ ಕವರ್ ಇದ್ದರೆ ರಬ್ಬರ್ ಮುಚ್ಚಳ ತೆಗೆದು ನೋಡಿ.
- ಆಯಿಲ್ ಮಟ್ಟ: ಗಾಡಿ ಸಮ ಜಾಗದಲ್ಲಿ ನೆಟ್ಟಗೆ ನಿಂತಿರಬೇಕು. ಬಣ್ಣ ಹಾಲಿನ ಚಹಾದಂತೆ ಆಗಿದ್ದರೆ ಒಳಗೆ ನೀರು ಸೇರಿದೆ. ಓಡಿಸಬೇಡಿ, ಬದಲಿಸಿ.
- ದೀಪ, ಹಾರ್ನ್, ಕೇಬಲ್: ಕ್ಲಚ್ ಕೇಬಲಿನ ಒಂದೆರಡು ಎಳೆ ಬಿಚ್ಚಿದ್ದರೆ ಈ ವಾರವೇ ಹೊಸದು.

ಚೈನ್ ಬಗ್ಗೆ ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಲು ಸುಮಾರು ಒಂದು ವಾರ ಬೇಕಾಯಿತು. ಆ ವಾರ ಭತ್ತದ ರೈತರು ಹೇಗೆ ಕಳೆದರು ಅನ್ನುವುದು ನಮಗೆಲ್ಲ ಗೊತ್ತು. ಸರಪಳಿಯ ಗುಣವೇ ಹಾಗೆ. ಒಂದು ಕೊಂಡಿ ಸೋತರೆ ಪೂರ್ತಿ ಸರಪಳಿ ಹೋದಂತೆ. ಬೈಕಿನ ಚೈನ್ ಭಾರ ಹೇರಿದಾಗ ಹರಿದರೆ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಬೀಳಿಸಬಹುದು, ಎಂಜಿನ್ ಕೇಸನ್ನೇ ಒಡೆಯಬಹುದು. ಎಷ್ಟು ಸಲ ಬಿಗಿ ಮಾಡಿದಿರಿ ಅಂತ ಬರೆದಿಟ್ಟಿದ್ದರೆ ಸಾಕು. ಬಿಗಿ ಮಾಡುವ ದಿನಗಳ ಅಂತರ ಕಡಿಮೆ ಆಗುತ್ತಾ ಬಂದರೆ ಚೈನ್-ಸ್ಪ್ರಾಕೆಟ್ ಸೆಟ್ ಮುಗಿಯಿತು ಅಂತ ತಿಳಿಯಿರಿ.

ಬೆಳೆಗೆ ತಕ್ಕ ವೇಳಾಪಟ್ಟಿ

ಕಿ.ಮೀ. ಲೆಕ್ಕದ ಜೊತೆ ನಮ್ಮ ಬೆಳೆ ಲೆಕ್ಕವನ್ನೂ ಸೇರಿಸಿದರೆ ಮರೆಯುವುದಿಲ್ಲ.

ರೋಹಿಣಿ ಮಳೆಗೆ ಮೊದಲು (ಮೇ): ಹೊಲದ ಕೆಲಸ ಕಡಿಮೆ ಇರುವ ಕಾಲ. ವರ್ಷದ ದೊಡ್ಡ ಸರ್ವೀಸ್ ಈಗಲೇ ಮಾಡಿಸಿ. ಬ್ರೇಕ್ ಶೂ, ಟೈರ್, ಕೇಬಲ್, ವೈರಿಂಗ್, ಬ್ಯಾಟರಿ, ಟ್ಯಾಪೆಟ್, ಪ್ಲಗ್. ಡಿಸ್ಕ್ ಬ್ರೇಕ್ ಇದ್ದರೆ ಅದರ ಆಯಿಲ್ ಹಾಕಿ ಎರಡು ವರ್ಷ ಆಯಿತಾ ನೋಡಿ.

ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿ ಕಾಲ: ವಾರಕ್ಕೊಮ್ಮೆ ಚೈನ್ ಒರೆಸಿ ಎಣ್ಣೆ ಬಿಡಿ. ಕೆಸರು ತೊಳೆಯುವಾಗ ಪಂಪಿನ ಜೋರು ನೀರನ್ನು ಚಕ್ರದ ಬೇರಿಂಗ್, ಏರ್ ಫಿಲ್ಟರ್ ಬಾಯಿ, ಸೈಲೆನ್ಸರ್ ಬಾಯಿಗೆ ಹಿಡಿಯಬೇಡಿ. ನೀರು ದಾಟಿದ ಮೇಲೆ ನಿಧಾನಕ್ಕೆ ಓಡಿಸುತ್ತಾ ಬ್ರೇಕ್ ಮೆಲ್ಲಗೆ ಒತ್ತಿ ಒಣಗಿಸಿ. ನೀರು ಏರ್ ಫಿಲ್ಟರ್ ಮಟ್ಟ ಮುಟ್ಟಿ ಗಾಡಿ ನಿಂತರೆ ಕಿಕ್ ಹೊಡೆಯಬೇಡಿ, ತಳ್ಳಿಕೊಂಡು ಬನ್ನಿ.

ಕೊಯ್ಲು, ಒಕ್ಕಣೆ (ನವೆಂಬರ್–ಡಿಸೆಂಬರ್): ಹುಲ್ಲು ಚಕ್ರದ ಗುಂಭಕ್ಕೆ, ಸ್ಪ್ರಾಕೆಟಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರ್ ಹತ್ತಿರ ಒಣಹುಲ್ಲು ಸಿಕ್ಕರೆ ಬೆಂಕಿ. ಏರ್ ಫಿಲ್ಟರ್ ತಿಂಗಳಿಗೊಮ್ಮೆ. ಹನುಮಮಾಲೆ ಸಮಯದಲ್ಲಿ ಅಂಜನಾದ್ರಿ ರಸ್ತೆಯಲ್ಲಿ ಜನ ತುಂಬಿರುತ್ತಾರೆ, ಅದಕ್ಕೆ ಮೊದಲು ಬ್ರೇಕ್ ಮತ್ತು ದೀಪ.

ಬೇಸಿಗೆ ಬಾಳೆ ಕಾಲ: ಧೂಳು ಮತ್ತು ಭಾರ ಎರಡೂ. 100 ಸಿಸಿ ಗಾಡಿಗಳು ಹೊರಬಹುದಾದ ಭಾರ ಸವಾರನೂ ಸೇರಿ ಸುಮಾರು 130 ಕೆ.ಜಿ. ಇರುತ್ತದೆ. ನಿಮ್ಮದು ಎಷ್ಟು ಅಂತ ಪುಸ್ತಕದಲ್ಲಿ ನೋಡಿ. 65 ಕೆ.ಜಿ. ಸವಾರ, 45 ಕೆ.ಜಿ.ಯ ಎರಡು ಯೂರಿಯಾ ಚೀಲ ಸೇರಿದರೆ 155. ದಿನಾ ಹೀಗೆ ಹೇರುವ ಗಾಡಿಗೆ ಹಿಂದಿನ ಶಾಕ್, ಕಡ್ಡಿ, ಬ್ರೇಕ್ ಶೂ ಬೇಗ ಹೋಗುತ್ತವೆ. ಅಂಥ ದಿನಗಳನ್ನೂ ಪುಸ್ತಕದಲ್ಲಿ "ಭಾರ" ಅಂತ ಗುರುತು ಹಾಕಿ.

ಆಯುಧ ಪೂಜೆ: ಗಾಡಿ ತೊಳೆದು, ಹೂವು ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಡುವ ದಿನ. ಅವತ್ತೇ ವರ್ಷದ ಲೆಕ್ಕ ಕೂಡಿ.

ಬರೆದಿಟ್ಟರೆ ದುಡ್ಡು ಹೇಗೆ ಉಳಿಯುತ್ತೆ

ಒಮ್ಮೆ ಒಂದು ವರ್ಕ್‌ಶಾಪಿನಲ್ಲಿ ನನ್ನ ಗಾಡಿಗೆ ಕ್ಲಚ್ ಪ್ಲೇಟ್ ಬದಲಿಸಬೇಕು ಅಂದರು. ಪುಸ್ತಕ ತೆರೆದರೆ ಏಳು ತಿಂಗಳ ಹಿಂದೆ ಅದೇ ಕಡೆ ಹೊಸ ಪ್ಲೇಟ್ ಹಾಕಿದ ಬಿಲ್ಲು, ಪಾರ್ಟ್ ನಂಬರ್ ಸಮೇತ ಇತ್ತು. ಫೋಟೋ ತೋರಿಸಿದ ಮೇಲೆ ಬಿಚ್ಚಿ ನೋಡಿದರು. ಪ್ಲೇಟ್ ಚೆನ್ನಾಗೇ ಇತ್ತು, ಕೇಬಲ್ ಅಡ್ಜಸ್ಟ್ ಮಾಡಿದರೆ ಸಾಕಾಯಿತು. ಜಗಳ ಆಗಲಿಲ್ಲ, ದನಿ ಏರಿಸಬೇಕಾಗಲಿಲ್ಲ. ಅವತ್ತಿಂದ ಬದಲಿಸಿದ ಹಳೇ ಭಾಗವನ್ನು ಕೇಳಿ ಪಡೆಯುತ್ತೇನೆ, ಅದರ ಫೋಟೋನೂ ಇಡುತ್ತೇನೆ.

ವಾರಂಟಿಗೂ ಇದೇ ಆಧಾರ. ಹಲವು ಕಂಪನಿಗಳು ಐದು ವರ್ಷದ ವಾರಂಟಿ ಕೊಡುತ್ತವೆ, ಆದರೆ ಹೇಳಿದ ಹೊತ್ತಿಗೆ ಸರ್ವೀಸ್ ಆಗಿರಬೇಕು ಅನ್ನುವ ಷರತ್ತು ಇರುತ್ತದೆ. ವಾರಂಟಿ ಇರುವ ತನಕ ಕಂಪನಿ ಹೇಳಿದ ಸರ್ವೀಸ್ ಬಿಡಬೇಡಿ. ಮನೆ ಕೆಲಸ ಅದಕ್ಕೆ ಸೇರಿಕೆ, ಬದಲಿ ಅಲ್ಲ. ಗಾಡಿ ಮಾರುವಾಗಲೂ ಪುಸ್ತಕ ಎದುರಿಗೆ ಇಟ್ಟರೆ ಕೊಳ್ಳುವವರಿಗೆ ಧೈರ್ಯ ಬರುತ್ತದೆ.

ಇನ್ನೊಂದು ಲಾಭ ನೇರ ಹೊಲಕ್ಕೆ ಸೇರಿದ್ದು. ಉದಾಹರಣೆಗೆ ಗಾಡಿ ವರ್ಷಕ್ಕೆ 12,000 ಕಿ.ಮೀ. ಓಡಿ, ಟೈರು, ಆಯಿಲ್, ರಿಪೇರಿ ಎಲ್ಲಾ ಸೇರಿ 7,200 ರೂ. ಆಯಿತು ಅನ್ನಿ. ಕಿ.ಮೀ.ಗೆ 60 ಪೈಸೆ. ಪೆಟ್ರೋಲ್ 100 ರೂ., ಮೈಲೇಜ್ 50 ಹಿಡಿದರೆ ಇನ್ನೂ 2 ರೂ. ಒಟ್ಟು 2.60 ರೂ. ಗಂಗಾವತಿಗೆ ಹೋಗಿ ಬರಲು 24 ಕಿ.ಮೀ. ಹಿಡಿದರೆ 62 ರೂ. ಎರಡು ಬಾಳೆಗೊನೆ ಒಯ್ಯಲು ಮೂರು ಸಲ ಹೋದರೆ ಲಾಭ ಎಲ್ಲಿಗೆ ಹೋಯಿತು ಅಂತ ಆಗ ಕಾಣಿಸುತ್ತದೆ. ಅಕ್ಕಪಕ್ಕದ ನಾಲ್ಕು ಜನ ಸೇರಿ ಒಂದು ಗೂಡ್ಸ್ ಆಟೋ ಮಾಡುವುದು ಲೇಸಾ ಅನ್ನುವುದನ್ನು ಈ ಅಂಕಿ ನೋಡಿಯೇ ತೀರ್ಮಾನ ಮಾಡಬಹುದು.

ಮೊದಲ ಪುಟ: ಕಾಗದಪತ್ರದ ದಿನಾಂಕಗಳು

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆರ್‌ಸಿ, ಇನ್ಶೂರೆನ್ಸ್, ಪಿಯುಸಿ, ಲೈಸೆನ್ಸ್ ಮುಗಿಯುವ ದಿನಾಂಕ ದೊಡ್ಡದಾಗಿ ಬರೆಯಿರಿ. ಆರ್‌ಸಿ 15 ವರ್ಷಕ್ಕೆ, ಆಮೇಲೆ ಪ್ರತಿ ಐದು ವರ್ಷಕ್ಕೆ ನವೀಕರಣ. ದಾಖಲೆಗಳನ್ನು ಡಿಜಿಲಾಕರ್ ಇಲ್ಲವೇ ಎಂಪರಿವಾಹನ್ ಆ್ಯಪಿನಲ್ಲಿ ಇಟ್ಟುಕೊಂಡರೆ ಪೊಲೀಸರಿಗೆ ತೋರಿಸಲು ಅದೇ ಸಾಕು.

ಇನ್ಶೂರೆನ್ಸ್ ವಿಷಯದಲ್ಲಿ ಬಹಳ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಎದುರಿನವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಹೊಳೆ ಪ್ರವಾಹಕ್ಕೆ ಸಿಕ್ಕರೆ ಬರುವ ಸ್ವಂತ ಹಾನಿ ವಿಮೆ ಹಲವು ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ. ಎರಡೂ ದಿನಾಂಕ ಬೇರೆ ಬೇರೆ ಬರೆಯಿರಿ.

ಹಳೇ ಆಯಿಲ್ ಎಲ್ಲಿಗೆ?

ಮನೆಯಲ್ಲೇ ಆಯಿಲ್ ಬದಲಿಸುವವರು ತೆಗೆದ ಕಪ್ಪು ಎಣ್ಣೆಯನ್ನು ಬದುವಿನ ಕಳೆಗೆ ಸುರಿಯುವುದು, ಗೆದ್ದಲಿಗೆ ಅಂತ ಕಂಬಕ್ಕೆ ಹಚ್ಚುವುದು ಕಂಡಿದ್ದೇನೆ. ಅದರಲ್ಲಿ ಲೋಹದ ಕಣ, ಸುಟ್ಟ ರಾಸಾಯನಿಕ ಎಲ್ಲ ಇರುತ್ತದೆ. ನಮ್ಮ ತೋಟಗಳಿಗೆ ಹರಿಯುವುದು ವಿಜಯನಗರ ಕಾಲದ ಕಾಲುವೆಗಳ ನೀರು. ಒಬ್ಬರ ಬದುವಿನಲ್ಲಿ ಚೆಲ್ಲಿದ್ದು ಕೆಳಗಿನವರ ಗದ್ದೆಗೆ ಇಳಿಯುತ್ತದೆ. ಹಳೇ ಡಬ್ಬಿಯಲ್ಲೇ ತುಂಬಿ, ಮುಚ್ಚಳ ಹಾಕಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಕೊಟ್ಟ ದಿನಾಂಕವನ್ನೂ ಬರೆಯಿರಿ.

ಮನೆಯಲ್ಲಿ ಮಾಡಬಾರದ್ದು

ಡಿಸ್ಕ್ ಬ್ರೇಕಿನ ಒಳಕೆಲಸ, ಎಬಿಎಸ್, ಬಿಎಸ್-6 ಗಾಡಿಗಳ ಫ್ಯೂಯಲ್ ಇಂಜೆಕ್ಷನ್, ಮುಂದಿನ ಫೋರ್ಕ್ ಬಿಚ್ಚುವುದು, ಇವನ್ನು ಯೂಟ್ಯೂಬ್ ನೋಡಿ ಮಾಡಬೇಡಿ. ಇಲ್ಲಿ ಮನೆಯವರ ಕೆಲಸ ನೋಡುವುದು, ಕೇಳುವುದು, ಬರೆಯುವುದು. "ಮೂರನೇ ಗೇರಿನಲ್ಲಿ ಏರು ಹತ್ತುವಾಗ ಕಟಕಟ ಸದ್ದು, 38,450 ಕಿ.ಮೀ.ನಿಂದ" ಅಂತ ಬರೆದು ತೋರಿಸಿದರೆ ಒಳ್ಳೆಯ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈ ವಾರ ಇಷ್ಟು ಮಾಡ್ರಿ

ಒಂದು: ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಕಾಗದಪತ್ರದ ದಿನಾಂಕ, ಎರಡನೇ ಪುಟದಲ್ಲಿ ಇವತ್ತಿನ ಮೀಟರ್ ಬರೆಯಿರಿ. ಹಿಂದಿನದು ನೆನಪಿಲ್ಲ ಅಂತ ಚಿಂತೆ ಬೇಡ, ಇವತ್ತೇ ಸೊನ್ನೆ ಅಂದುಕೊಳ್ಳಿ. ಎರಡು: ಆಯಿಲ್ ಯಾವಾಗ ಹಾಕಿಸಿದ್ದು ಗೊತ್ತಿಲ್ಲದಿದ್ದರೆ ಈಗಲೇ ಬದಲಿಸಿ, ಲೆಕ್ಕ ಅಲ್ಲಿಂದ ಶುರು. ಮೂರು: ಹಿಂದಿನ ಬ್ರೇಕ್ ಒತ್ತಿ ಬಾಣದ ಗುರುತು ನೋಡಿ. ಗೆರೆ ಮುಟ್ಟಿದ್ದರೆ ಶೂ ಬದಲಾಗುವ ತನಕ ಹಿಂದೆ ಚೀಲವನ್ನೂ ಹೇರಬೇಡಿ, ಮಕ್ಕಳನ್ನೂ ಕೂರಿಸಬೇಡಿ.